ಎಕ್ಸ್‌ಪಲ್ಸಾ, ವಿ-ಸ್ಟ್ರಾಮಾ? ತಗೊಳ್ಳುವ ಮೊದಲು ನಿಮ್ಮ ದಾರಿ ನೋಡಿ

ಹೀರೋದ ಎಕ್ಸ್‌ಪಲ್ಸ್ 200 4ವಿ ಬೈಕ್ ತಗೊಳ್ಳಲಾ, ಸುಜುಕಿಯ ವಿ-ಸ್ಟ್ರಾಮ್ ಎಸ್‌ಎಕ್ಸ್ 250 ತಗೊಳ್ಳಲಾ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಮೊದಲು ಹೇಳಿ, ನಿಮ್ಮ ಓಡಾಟ ಜಾಸ್ತಿ ಎಲ್ಲಿ?

ಉಡುಪಿಯಿಂದ ಮಂಗಳೂರಿಗೆ ಹೆದ್ದಾರಿ 66ರಲ್ಲಿ ದಿನಾ ಹೋಗಿ ಬರುವವರಾದರೆ ವಿ-ಸ್ಟ್ರಾಮ್ ಒಳ್ಳೆಯದು. ಎಂಜಿನ್ ಶಕ್ತಿ 26.5 ಪಿಎಸ್ ಇದೆ, ಲಾರಿ ದಾಟುವಾಗ ಎಂಜಿನ್ ಹಿಂಡಬೇಕಾಗಿಲ್ಲ, ಹಿಂದೆ ಕೂತವರಿಗೂ ಆರಾಮ. ಎಕ್ಸ್‌ಪಲ್ಸ್‌ಗೆ ಸುಮಾರು 19 ಪಿಎಸ್ ಅಷ್ಟೇ.

ಆದರೆ ಮನೆ ಹೆಬ್ರಿ ಕಡೆ, ತೋಟಕ್ಕೆ ಹೋಗುವ ಮಣ್ಣಿನ ದಾರಿ, ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲಿನ ಏರು ಅಂದರೆ ನಾನು ಎಕ್ಸ್‌ಪಲ್ಸ್ ಅಂತಲೇ ಹೇಳುತ್ತೇನೆ. ಮುಂದಿನ ಚಕ್ರ 21 ಇಂಚು, ಬೈಕಿನ ಹೊಟ್ಟೆ ನೆಲದಿಂದ 220 ಮಿಮೀ ಎತ್ತರ, ಕಲ್ಲು ಗುಂಡಿ ಎಲ್ಲ ಸಲೀಸಾಗಿ ದಾಟುತ್ತದೆ. ಒಂದು ವಿಷಯ ನೆನಪಿಡಿ, ಇದರ ಸ್ಪೋಕ್ ಚಕ್ರದೊಳಗೆ ಟ್ಯೂಬ್ ಇರುತ್ತದೆ, ಪಂಕ್ಚರ್ ಆದರೆ ಟೈರ್ ಬಿಚ್ಚಬೇಕು. ಸೋಮೇಶ್ವರದ ಹತ್ತಿರ ಜಡಿಮಳೆಯಲ್ಲಿ ನನಗೆ ಪಂಕ್ಚರ್ ಆಗಿತ್ತು. ಒಂದು ಟ್ಯೂಬ್, ಎರಡು ಟೈರ್ ಲಿವರ್, ಸಣ್ಣ ಪಂಪ್ ಬ್ಯಾಗಿನಲ್ಲಿತ್ತು, ಹಾಗಾಗಿ ಕತ್ತಲಾಗುವ ಮೊದಲು ಮನೆ ಸೇರಿದೆ.

ಸೀಟಿನ ಎತ್ತರ ಎಕ್ಸ್‌ಪಲ್ಸ್‌ಗೆ 825, ವಿ-ಸ್ಟ್ರಾಮ್‌ಗೆ 835 ಮಿಮೀ, ಕಾಗದದಲ್ಲಿ ದೊಡ್ಡ ವ್ಯತ್ಯಾಸ ಅಲ್ಲ. ಶೋರೂಮಿನ ಸಮ ನೆಲದಲ್ಲಿ ಸುಮ್ನೆ ಕೂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ಹೋಗಿ, ಇಳಿಜಾರಿನಲ್ಲಿ ನಿಲ್ಲಿಸಿ, ಒಂದೇ ಕಾಲೂರಿ ಹಿಡಿಯಲು ಆಗುತ್ತದಾ ನೋಡಿ. ಜಾರುವ ಜಾಗದಲ್ಲಿ ನಿಮ್ಮನ್ನು ಉಳಿಸುವುದು ಆ ಕಾಲೇ.

ಮಲ್ಪೆ, ಪಣಂಬೂರು ಕಡೆಯವರು ಯಾವುದೇ ತಗೊಂಡರೂ ಉಪ್ಪುಗಾಳಿಗೆ ಚೈನ್ ಬೇಗ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಒರೆಸಿ ಲ್ಯೂಬ್ ಹಾಕಿ.