ಬಳ್ಳಿ ಬೆಳ್ಳಗಾಗುವ ತನಕ: ಹೊಕ್ಕುಳಬಳ್ಳಿ ರಕ್ತ ತೆಗೆಯುವ ಬಗೆ

ನಾನು ಹೆರಿಗೆ ವಾರ್ಡಿನ ನರ್ಸ್. ನಾನು ಬಳ್ಳಿ ರಕ್ತ ತೆಗೆದು ತುಂಬಿದ ಮೊದಲ ಬ್ಯಾಗ್ ನೋಡಲು ದುಂಡಗೆ, ತುಂಬಿಕೊಂಡು ಚೆನ್ನಾಗೇ ಇತ್ತು. ಮಾರನೇ ದಿನ ಲ್ಯಾಬಿನಿಂದ ಫೋನ್: ಒಳಗೆಲ್ಲ ಗಡ್ಡೆ ಕಟ್ಟಿದೆ, ಬಿಸಾಡಬೇಕು. ತಪ್ಪು ನನ್ನದೇ. ಬ್ಯಾಗನ್ನು ಕೆಳಗಿಟ್ಟು ಸುಮ್ನೆ ನೋಡುತ್ತಾ ನಿಂತಿದ್ದೆ. ಬ್ಯಾಗಿನಲ್ಲಿ ಮೊದಲೇ ಸಿಪಿಡಿ ದ್ರವ ಇರುತ್ತದೆ, ರಕ್ತ ಹೆಪ್ಪುಗಟ್ಟದಿರಲಿ ಅಂತ. ಆದರೆ ಅದು ರಕ್ತದ ಜೊತೆ ಬೆರೆತರೆ ತಾನೇ ಕೆಲಸ ಮಾಡೋದು? ಈಗ ಮೊದಲ ಹನಿಯಿಂದಲೇ ತೊಟ್ಟಿಲು ತೂಗಿದ ಹಾಗೆ ಅಲುಗಾಡಿಸುತ್ತಿರುತ್ತೇನೆ.

ಬಳ್ಳಿ ರಕ್ತ ತೆಗೆಯೋದು ಅದರಲ್ಲಿರುವ ಸ್ಟೆಮ್ ಸೆಲ್‌ಗಾಗಿ, ಅಂದರೆ ಹೊಸ ರಕ್ತಕಣ ಹುಟ್ಟಿಸುವ ಮೂಲಕೋಶಗಳಿಗಾಗಿ; ರೋಗಿಗೆ ಕಸಿ ಮಾಡಲು ಅವು ಬೇಕು. ಅವು ಎಷ್ಟು ಸಿಗುತ್ತವೆ ಅನ್ನೋದರಲ್ಲಿ ಅರ್ಧ ನಮ್ಮ ಕೈಯಲ್ಲಿಲ್ಲ. ಮಗು ದಪ್ಪಗಿದ್ದು ಮಾಸು ದೊಡ್ಡದಿದ್ದರೆ ರಕ್ತ ಜಾಸ್ತಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಪುಟ್ಟ ಮಗುವಿನದು ಕಡಿಮೆ. ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ.

ಬಳ್ಳಿಗೆ ಕ್ಲ್ಯಾಂಪ್ ಹಾಕುವ ಹೊತ್ತೇ ದೊಡ್ಡ ವಿಷಯ. ಹುಟ್ಟಿದ ಮೇಲೂ ಮಾಸಿನಿಂದ ಮಗುವಿಗೆ ರಕ್ತ ಹರಿಯುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕನಿಷ್ಠ 1 ನಿಮಿಷ ಕಾಯಿರಿ ಅಂತ. ಕಾದಷ್ಟೂ ಬ್ಯಾಗಿಗೆ ಕಡಿಮೆ, ನಿಜ. ಆದರೆ ಆ ರಕ್ತ ಮೊದಲು ಮಗುವಿನದು. ಬ್ಯಾಗ್ ತುಂಬಲಿ ಅಂತ ಬೇಗ ಕ್ಲ್ಯಾಂಪ್ ಹಾಕಿ ಅಂದವರ ಹತ್ತಿರ ನಾನು ಜಗಳವನ್ನೂ ಆಡಿದ್ದೇನೆ. ಕಡಿಮೆ ಸಿಗಬಹುದು ಅಂತ ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡಿ.

ಇನ್ನು ನಮ್ಮ ಕೈಯಲ್ಲಿರುವುದು. ಕ್ಲ್ಯಾಂಪನ್ನು ಮಗುವಿನ ಹೊಕ್ಕುಳಿಗೆ ಆದಷ್ಟು ಹತ್ತಿರ ಹಾಕಿಸಿ, ಆಗ ಮಾಸಿನ ಕಡೆ ಉದ್ದ ಬಳ್ಳಿ ಉಳಿಯುತ್ತದೆ. ಸೂಜಿ ಚುಚ್ಚುವ ಜಾಗವನ್ನು ಆಂಟಿಸೆಪ್ಟಿಕ್‌ನಿಂದ ಚೆನ್ನಾಗಿ ಒರೆಸಿ, ಒಣಗಲು ಬಿಡಿ. ಅವಸರ ಮಾಡಿದರೆ ಬ್ಯಾಕ್ಟೀರಿಯಾ ಸೇರಿ ಇಡೀ ಬ್ಯಾಗ್ ಹಾಳು. ಬಳ್ಳಿಯಲ್ಲಿ ಮೂರು ನಾಳ ಇರುತ್ತವೆ. ಎರಡು ಸಣ್ಣವು, ಅವು ಅಪಧಮನಿ. ದಪ್ಪಗೆ, ನೀಲಿಯಾಗಿ ಉಬ್ಬಿರುವುದೇ ಅಭಿಧಮನಿ, ಚುಚ್ಚಬೇಕಾದ್ದು ಅದನ್ನೇ. ಕ್ಲ್ಯಾಂಪಿನ ಹತ್ತಿರ ಶುರು ಮಾಡಿ. ಮೊದಲ ಸಲ ಸರಿ ಹೋಗದಿದ್ದರೆ ಮಾಸಿನ ಕಡೆಗೆ ಸ್ವಲ್ಪ ಮೇಲೆ ಸರಿದು ಮತ್ತೆ ಚುಚ್ಚಬಹುದು. ಮೊದಲೇ ಮೇಲೆ ಚುಚ್ಚಿದರೆ ಆ ಅವಕಾಶ ಹೋಯಿತು.

ಬ್ಯಾಗ್ ತಾಯಿಯ ಮಟ್ಟಕ್ಕಿಂತ ಚೆನ್ನಾಗಿ ಕೆಳಗಿರಲಿ, ರಕ್ತ ತಾನಾಗಿಯೇ ಇಳಿಯುತ್ತದೆ. ಮಾಸು ಬೀಳುವ ಮೊದಲು ತೆಗೆಯುವುದು ನನಗಿಷ್ಟ. ಗರ್ಭಕೋಶ ಕುಗ್ಗುವಾಗ ಮಾಸನ್ನು ಹಿಂಡುತ್ತದೆ, ಹರಿವು ಒಮ್ಮೆಲೇ ಜೋರಾಗುವುದು ಕಣ್ಣಿಗೇ ಕಾಣುತ್ತದೆ. ತಾಯಿಗೆ ರಕ್ತಸ್ರಾವ ಶುರುವಾದರೆ ಮಾತ್ರ ಬ್ಯಾಗ್ ಪಕ್ಕಕ್ಕಿಟ್ಟುಬಿಡಿ. ಆಗ ಅದರ ಯೋಚನೆಯೇ ಬೇಡ. ಅವಳಿ ಮಕ್ಕಳಾದರೆ ಎರಡನೆಯದೂ ಹುಟ್ಟುವ ತನಕ ಸೂಜಿ ಮುಟ್ಟಬೇಡಿ.

ಬಳ್ಳಿ ಬೆಳ್ಳಗಾಗಿ, ಚಪ್ಪಟೆಯಾಗಿ, ಒದ್ದೆ ದಾರದ ಹಾಗೆ ಜೋತುಬಿದ್ದರೆ ಮುಗಿಯಿತು ಅಂತ ಅರ್ಥ. ಸಾಮಾನ್ಯವಾಗಿ ಅದಕ್ಕೆ ಐದಾರು ನಿಮಿಷ ಸಾಕು. ಟ್ಯೂಬಿನಲ್ಲಿ ಉಳಿದ ರಕ್ತವನ್ನೂ ಬ್ಯಾಗಿಗೆ ಇಳಿಸಿ.

ಇಷ್ಟೆಲ್ಲ ಒದ್ದಾಟ ಯಾಕೆ ಅಂದರೆ, ಕಸಿಗೆ ಬೇಕಾದ ಸೆಲ್‌ಗಳ ಲೆಕ್ಕ ರೋಗಿಯ ತೂಕದ ಮೇಲೆ. ಪ್ರತಿ ಕಿಲೋಗೆ ಸುಮಾರು 2.5 ಕೋಟಿ ಸೆಲ್ ಅಂತ ಇಟ್ಟುಕೊಳ್ಳುವುದುಂಟು. 1988ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಬಳ್ಳಿ ರಕ್ತದ ಕಸಿ ಆಗಿದ್ದು ಒಬ್ಬ ಪುಟ್ಟ ಹುಡುಗನಿಗೆ, ಅವನ ತಂಗಿಯ ರಕ್ತದಿಂದ. ಚಿಕ್ಕ ಮೈಗೆ ಒಂದು ಬ್ಯಾಗ್ ಸಾಕಾಗಬಹುದು. ದೊಡ್ಡವರಿಗೆ ಎರಡು ಸೇರಿಸಿ ಕೊಡುವುದೂ ಇದೆ.

ಲೇಬಲನ್ನು ತಾಯಿಯ ಮಂಚದ ಪಕ್ಕದಲ್ಲೇ ಅಂಟಿಸಿ, ಆಮೇಲೆ ಅಂದರೆ ಮರೆತುಹೋಗುತ್ತದೆ. ಬ್ಯಾಗನ್ನು ಫ್ರಿಜ್‌ನಲ್ಲಿಡುವ ಅಭ್ಯಾಸ ನಮ್ಮ ಕೆಲವರಿಗಿದೆ. ಬೇಡ, ಕೋಣೆಯ ತಾಪದಲ್ಲೇ ಇರಲಿ. 48 ಗಂಟೆಯೊಳಗೆ ಲ್ಯಾಬಿನ ಕೆಲಸ ಮುಗಿಯಬೇಕು. ಅದಕ್ಕೆ ನಾನು ಬ್ಯಾಗಿನ ಮೇಲೆ ತಾರೀಕಿನ ಜೊತೆ ಗಂಟೆ, ನಿಮಿಷವನ್ನೂ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ, ಒಯ್ಯಲು ಬಂದ ಹುಡುಗನಿಗೆ ದೂರದಿಂದಲೇ ಕಾಣುವ ಹಾಗೆ.