ಗೊತ್ತಿದ್ದ ಗಣಿತವನ್ನು ಕಲಿಸಲು ಕಲಿತ ಬಗೆ

ಲೆಕ್ಕಪತ್ರದ ಕೆಲಸ ಬಿಟ್ಟು ಗಣಿತ ಶಿಕ್ಷಕನಾದವನು ನಾನು. ಹೀಗೆ ಬೇರೆ ವೃತ್ತಿಯಿಂದ ಬಂದವರಿಗೆ ಸಾಮಾನ್ಯವಾಗಿ ವಿಷಯ ಗೊತ್ತಿರುತ್ತದೆ. ಅದು ಮಕ್ಕಳ ತಲೆಯಲ್ಲಿ ಯಾವ ಯಾವ ರೀತಿ ತಪ್ಪಾಗಿ ಕೂತಿರುತ್ತದೆ ಎಂಬುದು ಗೊತ್ತಿರುವುದಿಲ್ಲ. ತರಬೇತಿಯ ಕಾಲದ ನನ್ನ ಶ್ರಮವೆಲ್ಲ ಹೋಗಿದ್ದು ಅದನ್ನು ಪತ್ತೆಹಚ್ಚುವುದಕ್ಕೆ.

ಶುರುವಾಗಿದ್ದು ಪಾಠ ವೀಕ್ಷಣೆಯಿಂದ. ಹಿಂದಿನ ಬೆಂಚಿನಲ್ಲಿ ಕೂತರೆ ಮಕ್ಕಳ ಬೆನ್ನಷ್ಟೇ ಕಾಣುತ್ತದೆ. ಅದಕ್ಕೇ ಶಿಕ್ಷಕರ ಅನುಮತಿ ಪಡೆದು ಮುಂದೆ, ಗೋಡೆ ಪಕ್ಕ ಕೂರುತ್ತಿದ್ದೆ. ಪುಟದಲ್ಲಿ ಮೂರು ಕಾಲಂ: ಸಮಯ, ಶಿಕ್ಷಕರು ಮಾಡಿದ್ದು, ಮಕ್ಕಳು ಮಾಡಿದ್ದು. ಮೂರನೆಯದು ಖಾಲಿ ಉಳಿದರೆ ಕಣ್ಣು ಇನ್ನೂ ಶಿಕ್ಷಕರ ಮೇಲೆಯೇ ಇದೆ ಎಂದರ್ಥ. ಜೊತೆಗೆ ತರಗತಿಯ ಆಸನಗಳ ನಕ್ಷೆ ಬರೆದುಕೊಂಡು, ಉತ್ತರ ಹೇಳಿದ ಮಗುವಿನ ಜಾಗದಲ್ಲಿ ಒಂದೊಂದು ಚುಕ್ಕೆ ಇಡುತ್ತಿದ್ದೆ. ಚುಕ್ಕೆಗಳು ಮುಂದಿನ ಸಾಲು ಮತ್ತು ನಡುಭಾಗದಲ್ಲೇ ಗುಂಪುಗಟ್ಟುತ್ತಿದ್ದವು. ನಾನೇ ಪಾಠ ಮಾಡುವಾಗ ಮೂಲೆಗಳಿಂದ ಪ್ರಶ್ನೆ ಶುರುಮಾಡಲು ಇದೇ ಕಾರಣ.

ಆಮೇಲೆ ಅಣುಬೋಧನೆ. ಐದರಿಂದ ಹತ್ತು ಜನರ ಗುಂಪಿಗೆ ಒಂದೇ ಒಂದು ಕೌಶಲ ಹಿಡಿದು ಮಾಡುವ ಪುಟ್ಟ ಪಾಠ ಇದು. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪದ್ಧತಿ. ನಾವು ಅನುಸರಿಸಿದ ಚಕ್ರಕ್ಕೆ 36 ನಿಮಿಷ: ಬೋಧನೆ 6, ಹಿಮ್ಮಾಹಿತಿ (ಪಾಠ ಹೇಗಿತ್ತೆಂದು ನೋಡಿದವರು ಹೇಳುವುದು) 6, ಮರುಯೋಜನೆ 12, ಮರುಬೋಧನೆ 6, ಮತ್ತೆ ಹಿಮ್ಮಾಹಿತಿ 6. ಇಲ್ಲೊಂದು ತೊಡಕಿದೆ. ಮಕ್ಕಳ ಪಾತ್ರದಲ್ಲಿ ಎದುರು ಕೂತ ಸಹಪಾಠಿಗಳಿಗೆ ಉತ್ತರ ಮೊದಲೇ ಗೊತ್ತಿರುವುದರಿಂದ ಪಾಠ ಸುಲಲಿತವಾಗಿ ಸಾಗಿಬಿಡುತ್ತದೆ, ಕಲಿಸುವವರಿಗೆ ಏನೂ ದಕ್ಕುವುದಿಲ್ಲ. ಹಾಗಾಗಿ ಪಾಠಕ್ಕೆ ಮುನ್ನ ಒಬ್ಬೊಬ್ಬರಿಗೂ ಒಂದು ಚೀಟಿ ಕೊಡಿಸುತ್ತಿದ್ದೆವು. ಅದರಲ್ಲಿ ಒಂದು ತಪ್ಪು ತಿಳಿವಳಿಕೆ ಬರೆದಿರುತ್ತಿತ್ತು. ಅವರು ಕೊನೆಯವರೆಗೂ ಅದರಂತೆಯೇ ಉತ್ತರಿಸಬೇಕು. ಯಾರ ಬಳಿ ಯಾವ ಚೀಟಿ ಎಂಬುದು ಪಾಠ ಮಾಡುವವರಿಗೆ ತಿಳಿದಿರಬಾರದು.

ದಶಮಾಂಶದ ಪಾಠದಲ್ಲಿ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. 0.35 ಮತ್ತು 0.4ರಲ್ಲಿ ದೊಡ್ಡದು ಯಾವುದು ಎಂದು ಕೇಳಿದರೆ, ಬಿಂದುವಿನ ನಂತರದ ಭಾಗವನ್ನು ಪೂರ್ಣಸಂಖ್ಯೆಯಂತೆ ಓದುವ ಮಗು 35 ದೊಡ್ಡದೆಂದು 0.35 ಅನ್ನುತ್ತದೆ. ಸುಲಭಕ್ಕೆ ಕಾಣದ ತಪ್ಪು ಇನ್ನೊಂದಿದೆ: ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದು, ಆದ್ದರಿಂದ ಬಿಂದುವಿನ ನಂತರ ಅಂಕಿಗಳು ಕಡಿಮೆಯಿದ್ದಷ್ಟೂ ಸಂಖ್ಯೆ ದೊಡ್ಡದು ಎಂಬ ನಂಬಿಕೆ. ಆ ಮಗು 0.4 ಎಂದು ಸರಿಯಾಗಿಯೇ ಹೇಳಿ ಪಾರಾಗುತ್ತದೆ. ಬೆನ್ನಿಗೇ 0.45 ಮತ್ತು 0.3 ಕೇಳಬೇಕು, ಆಗ ಅದು 0.3 ಅನ್ನುತ್ತದೆ. ಎರಡೂ ಜೋಡಿ ಕೇಳದೆ ಮುಂದೆ ಹೋಗಬಾರದು. ಸೊನ್ನೆ ಸೇರಿಸಿ 0.40 ಮಾಡಿ ಹೋಲಿಸಿ ಎಂದು ಮೊದಲೇ ಹೇಳಿಕೊಡುವುದೂ ಬೇಡ. ಉತ್ತರ ಸರಿಬರುತ್ತದೆ, ಸ್ಥಾನಬೆಲೆ ಅರ್ಥವಾಗಿರುವುದಿಲ್ಲ. ನೂರು ಚೌಕಗಳ ಹಾಳೆಯಲ್ಲಿ 0.4ಕ್ಕೆ ನಾಲ್ಕು ಪೂರ್ತಿ ಕಂಬ, 0.35ಕ್ಕೆ ಮೂರು ಕಂಬ ಮತ್ತು ಐದು ಚೌಕ ಬಣ್ಣ ಹಚ್ಚಿಸಿ, ಆಮೇಲೆ ಸೊನ್ನೆಯ ಮಾತು ತೆಗೆಯಿರಿ.

ಪ್ರತಿ ಪಾಠವನ್ನೂ ಫೋನಿನಲ್ಲಿ ಧ್ವನಿಮುದ್ರಿಸಿ ಒಂದನ್ನೇ ಅಳೆಯುತ್ತಿದ್ದೆ: ಪ್ರಶ್ನೆ ಮುಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿದ್ದೆ? ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದರು, ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ. ಕಾಯುವಾಗ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳುವ ಚಪಲ ಬರುತ್ತದೆ. ಅದನ್ನು ತಡೆಯಲೇಬೇಕು, ಇಲ್ಲವಾದರೆ ಮಗು ಯೋಚಿಸುತ್ತಿದ್ದುದನ್ನು ಬಿಟ್ಟು ಹೊಸ ಮಾತಿನ ಹಿಂದೆ ಬೀಳುತ್ತದೆ. ಹೆಸರು ಕರೆಯುವುದು ಪ್ರಶ್ನೆಯ ನಂತರವೇ.

ಕಪ್ಪುಹಲಗೆಗೂ ಅಭ್ಯಾಸ ಬೇಕು. ಕೊನೆಯ ಬೆಂಚು 30 ಅಡಿ ದೂರದಲ್ಲಿದ್ದರೆ ಅಕ್ಷರ ಮೂರು ಇಂಚಿನಷ್ಟಿರಲಿ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇನ್ನೂ ಹೆಚ್ಚು ಜಾಗ ಬಿಡಬೇಕು. ಸೀಮೆಸುಣ್ಣ ಕಿರುಗುಟ್ಟಿದರೆ ನೆಟ್ಟಗೆ ಹಿಡಿದಿದ್ದೀರಿ ಎಂದು ಅರ್ಥ. ಓರೆ ಮಾಡಿ, ಅಥವಾ ಮುರಿದು ಚಿಕ್ಕದು ಮಾಡಿಕೊಳ್ಳಿ.

ಪಾಠಯೋಜನೆಯಲ್ಲಿ ನನ್ನ ಮಾತುಗಳನ್ನು ಬರೆಯುವುದನ್ನು ಬಲುಬೇಗ ನಿಲ್ಲಿಸಿದೆ. 40 ನಿಮಿಷದ ಅವಧಿಗೆ ಐದಾರು ಮುಖ್ಯ ಪ್ರಶ್ನೆ, ಪ್ರತಿಯೊಂದರ ಮುಂದೆ ಬರಬಹುದಾದ ಎರಡು ತಪ್ಪು ಉತ್ತರ, ಆ ಉತ್ತರ ಬಂದರೆ ಮುಂದೇನು, ಇಷ್ಟೇ. ಕೊನೆಯ ನಾಲ್ಕು ನಿಮಿಷಕ್ಕೆ ಬೇರೇನನ್ನೂ ತುಂಬಿಸದೆ ಮಕ್ಕಳಿಂದ ಚೀಟಿಯಲ್ಲಿ ಒಂದು ಲೆಕ್ಕ ಮಾಡಿಸುತ್ತೇನೆ. ಅಂಕ ಹಾಕುವುದಿಲ್ಲ. ಸರಿ, ಲೆಕ್ಕದ ಎಡವಟ್ಟು, ತಿಳಿವಳಿಕೆಯ ತಪ್ಪು ಎಂದು ಮೂರು ಕಟ್ಟು ಮಾಡುತ್ತೇನೆ. ಮೂರನೆಯ ಕಟ್ಟಿನಲ್ಲಿ ಪದೇ ಪದೇ ಕಂಡ ತಪ್ಪೇ ಮರುದಿನದ ಪಾಠದ ಮೊದಲ ಪ್ರಶ್ನೆ.