ಈಗ ಇಲ್ಲದ ಹಳ್ಳಿಗೆ ಹೋಗುವುದು ಹೇಗೆ? ನಾಗಾನೊದ ಹಳೆಯ ವಿಳಾಸ ಓದುವ ಬಗೆ

ಜಪಾನಿನ ನಾಗಾನೊ ಪ್ರಿಫೆಕ್ಚರ್‌ನ (ನಮ್ಮ ರಾಜ್ಯದ ಹಾಗೊಂದು ಆಡಳಿತ ಪ್ರಾಂತ್ಯ) ಮಾತ್ಸುಮೊತೊ ನಗರದ ಹಳೆಯ ಪುಸ್ತಕದಂಗಡಿಯೊಂದರಲ್ಲಿ ರಟ್ಟಿನ ಪೆಟ್ಟಿಗೆ ತುಂಬ ಅಂಚೆ ಕಾರ್ಡುಗಳು ಸಿಕ್ಕವು. ಬರೆದವರು ಯಾರೋ, ಪಡೆದವರು ಯಾರೋ. ನನಗೆ ಬೇಕಾದದ್ದು ವಿಳಾಸ ಮಾತ್ರ. ರಜೆ ಸಿಕ್ಕಾಗ ಒಂದು ಕಾರ್ಡನ್ನು ಜೇಬಿಗಿಟ್ಟುಕೊಂಡು ಆ ಊರಿಗೆ ಹೋಗಿ ಬರುವುದು ನನ್ನ ಹುಚ್ಚು.

ಮೊದಲ ಪ್ರಯಾಣದಲ್ಲೇ ಎಡವಿದೆ. ಕಾರ್ಡಿನ ಮೇಲೆ 'ನಿಶಿಚಿಕುಮಾ-ಗುನ್, ಕಿಸೊ-ಮುರಾ' ಎಂದಿತ್ತು. 'ಗುನ್' ಅಂದರೆ ಹಳ್ಳಿ, ಪಟ್ಟಣಗಳ ಒಂದು ಗುಂಪು, 'ಮುರಾ' ಅಂದರೆ ಹಳ್ಳಿ. ನಿಶಿಚಿಕುಮಾ ಈಗಿನ ನಕ್ಷೆಯಲ್ಲಿ ಎಲ್ಲೂ ಕಾಣಲಿಲ್ಲ. 'ಕಿಸೊ' ಅಂತೂ ಗೊತ್ತಲ್ಲ ಎಂದುಕೊಂಡು ರೈಲು ಹತ್ತಿ ಕಿಸೊ-ಫುಕುಶಿಮಾದಲ್ಲಿ ಇಳಿದೆ. ಅದು ಕಿಸೊ-ಮಾಚಿ, ಪಟ್ಟಣ. ನನಗೆ ಬೇಕಿದ್ದ ಕಿಸೊ-ಮುರಾ ಬೇರೆಯೇ. ಉಚ್ಚಾರ ಒಂದೇ ಆದರೂ ಎರಡನೆಯ ಕಾಂಜಿ (ಚೀನಾದಿಂದ ಬಂದ ಲಿಪಿಯ) ಅಕ್ಷರ ಬೇರೆ. ಅದರ ನಿಲ್ದಾಣ ಯಾಬುಹಾರಾ, ಮೂರು ನಿಲ್ದಾಣ ಹಿಂದೆಯೇ ದಾಟಿ ಬಂದಿದ್ದೆ. ಆ ಸಾಲಿನಲ್ಲಿ ಲೋಕಲ್ ರೈಲುಗಳು ಅಪರೂಪ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಹೊಟ್ಟೆ ತುಂಬ ಯೋಚಿಸಿದ್ದರ ಫಲ ಈ ಬರಹ.

ಮೊದಲು ಊರಿನ ಹೆಸರು ಹುಡುಕಬೇಡಿ, ಕಾಲ ಹುಡುಕಿ. ಜಪಾನಿನ ಅಂಚೆ ಮುದ್ರೆಯಲ್ಲಿ ಚಕ್ರವರ್ತಿಯ ಯುಗದ ವರ್ಷವೇ ಇರುತ್ತದೆ, ಅದೂ ಬರೀ ಅಂಕಿ. ತೈಶೊ ಆದರೆ 1911 ಕೂಡಿಸಿ, ಶೋವಾ ಆದರೆ 1925, ಹೇಸೆಯ್ ಆದರೆ 1988. '12' ಎಂದಿದ್ದರೆ 1923 ಆಗಬಹುದು, 1937 ಕೂಡ ಆಗಬಹುದು. ಆಗ ಸ್ಟಾಂಪಿನ ಬೆಲೆ ನೋಡಿ. ಕಾರ್ಡಿಗೆ ಒಂದೂವರೆ ಸೆನ್ (ನೂರು ಸೆನ್‌ಗೆ ಒಂದು ಯೆನ್) ಇದ್ದದ್ದು 1937ರ ಏಪ್ರಿಲ್‌ನಲ್ಲಿ ಎರಡು ಸೆನ್ ಆಯಿತು. ಎರಡು ಸೆನ್ ಸ್ಟಾಂಪಿನ 12 ಅಂದರೆ ಶೋವಾ 12. ನನ್ನ ಕಾರ್ಡು ಅಂಥದ್ದೇ.

ಆಮೇಲೆ ಗುನ್. ಇದನ್ನು ನಮ್ಮ ತಾಲ್ಲೂಕು ಅಂದುಕೊಂಡು ಕಚೇರಿ ಹುಡುಕಲು ಹೋಗಬೇಡಿ. ಒಂದು ಕಾಲಕ್ಕೆ ಗುನ್‌ಗೆ ಸಭೆಯೂ ಇತ್ತು, ಕಚೇರಿಯೂ ಇತ್ತು. ಸಭೆ 1923ರಲ್ಲಿ ಹೋಯಿತು, ಕಚೇರಿ 1926ರಲ್ಲಿ. ಅಲ್ಲಿಂದೀಚೆಗೆ ಅದು ವಿಳಾಸದಲ್ಲಿ ಬರೆಯುವ ಹೆಸರಷ್ಟೇ. ತೆರಿಗೆ ಕಟ್ಟಿಸಿಕೊಳ್ಳುವವರಿಲ್ಲ, ಅರ್ಜಿ ತೆಗೆದುಕೊಳ್ಳುವವರಿಲ್ಲ. ಆದರೂ ವಿಳಾಸ ಓದುವವನಿಗೆ ಅದೇ ದೊಡ್ಡ ಸುಳಿವು, ಏಕೆಂದರೆ ಗುನ್‌ನ ಒಳಗಿರುವುದು ಮಾಚಿ, ಮುರಾಗಳು ಮಾತ್ರ. ಊರು 'ಶಿ', ಅಂದರೆ ನಗರ, ಆದ ದಿನವೇ ಗುನ್‌ನಿಂದ ಹೊರಗೆ. ಎಲ್ಲ ಊರುಗಳೂ ಹಾಗೆ ಹೊರಬಿದ್ದರೆ ಗುನ್ ತಾನಾಗಿ ಅಳಿಯುತ್ತದೆ. ನಾಗಾನೊದಲ್ಲಿ 1879ರಲ್ಲಿ 16 ಗುನ್ ಇದ್ದವು, ಈಗ 14. ಹೋದವು ಸಾರಾಶಿನಾ ಮತ್ತು ಮಿನಾಮಿ-ಆಜುಮಿ. ಹಾನಿಶಿನಾದಲ್ಲಿ ಉಳಿದಿರುವುದು ಸಾಕಾಕಿ ಪಟ್ಟಣವೊಂದೇ, ಶಿಮೊಮಿನೊಚಿಯಲ್ಲಿ ಸಾಕಾಎ ಹಳ್ಳಿಯೊಂದೇ. ಒಂದೇ ಊರಿನ ಗುಂಪು! ನನ್ನ ನಿಶಿಚಿಕುಮಾ ಮಾತ್ರ ಅಳಿದಿರಲಿಲ್ಲ. 1968ರಲ್ಲಿ ಹೆಸರು ಬದಲಿಸಿಕೊಂಡು ಕಿಸೊ-ಗುನ್ ಆಗಿತ್ತು, ಅಷ್ಟೇ.

ಕಾಲ, ಗುನ್ ಎರಡೂ ಸಿಕ್ಕ ಮೇಲೆ ನಡುವೆ ಎಷ್ಟು ವಿಲೀನಗಳು ದಾಟಿಹೋಗಿವೆ ಎಂದು ಎಣಿಸಿ. ದೊಡ್ಡ ಅಲೆಗಳು ಮೂರು. 1888-89ರ ಮೇಜಿ ವಿಲೀನದಲ್ಲಿ ಇಡೀ ದೇಶದ 71,314 ಊರುಗಳು 15,859ಕ್ಕೆ ಇಳಿದವು. ಶೋವಾ ವಿಲೀನ 1953ರ ನಂತರ. ಮೂರನೆಯದು ಹೇಸೆಯ್ ವಿಲೀನ: 1999ರಲ್ಲಿ 3,232 ಇದ್ದದ್ದು 2010ರ ಹೊತ್ತಿಗೆ 1,727. ನಾಗಾನೊ ಈ ಸಲ 120ರಿಂದ 77ಕ್ಕೆ ಬಂತು. ಆದರೂ ಅದರಲ್ಲಿ 35 ಹಳ್ಳಿಗಳು, ಜಪಾನಿನ ಬೇರೆ ಯಾವ ಪ್ರಿಫೆಕ್ಚರ್‌ನಲ್ಲೂ ಅಷ್ಟಿಲ್ಲ.

ಹೇಸೆಯ್ ವಿಲೀನದ ದಿನಾಂಕ ಗೊತ್ತಿಲ್ಲದಿದ್ದರೆ 2004ರಿಂದ 2006ರ ಮಾರ್ಚ್‌ವರೆಗೆ ಮೊದಲು ತಡಕಿ, ಬಹುಪಾಲು ಅಲ್ಲೇ ಸಿಗುತ್ತದೆ. ಕಾರಣ ದುಡ್ಡು. ಒಂದಾದ ಊರುಗಳು ಯೋಜನಾ ವೆಚ್ಚದ ಶೇ. 95ರವರೆಗೆ ವಿಶೇಷ ಸಾಲಪತ್ರದಿಂದ ಎತ್ತಬಹುದಿತ್ತು, ಅದರ ಮರುಪಾವತಿಯಲ್ಲಿ ಶೇ. 70 ಭಾಗವನ್ನು ಕೇಂದ್ರ ತುಂಬಿಕೊಡುತ್ತಿತ್ತು. 2005ರ ಮಾರ್ಚ್ ಒಳಗೆ ಅರ್ಜಿ, ಮುಂದಿನ ಮಾರ್ಚ್ ಒಳಗೆ ಮದುವೆ. ಮುಹೂರ್ತ ಮೀರಿದರೆ ವರದಕ್ಷಿಣೆ ಇಲ್ಲ ಅನ್ನುವ ಲೆಕ್ಕ.

ಇಲ್ಲಿಂದ ಮುಂದೆ ಜೋಪಾನ. ವಿಲೀನದಲ್ಲಿ ಎರಡು ಬಗೆ. ಒಂದರಲ್ಲಿ ಎಲ್ಲ ಊರುಗಳೂ ರದ್ದಾಗಿ ಹೊಸದೊಂದು ಹುಟ್ಟುತ್ತದೆ. ಇನ್ನೊಂದರಲ್ಲಿ ದೊಡ್ಡದು ಸಣ್ಣದನ್ನು ನುಂಗುತ್ತದೆ. ಮಿನಾಮಿ-ಆಜುಮಿ ಗುನ್ ಈ ಎರಡೂ ದಾರಿಯಲ್ಲಿ ಚೂರಾಯಿತು. 2005ರ ಏಪ್ರಿಲ್ 1ರಂದು ಆಜುಮಿ, ನಾಗಾವಾ, ಆಜುಸಾಗಾವಾ ಹಳ್ಳಿಗಳನ್ನು ಮಾತ್ಸುಮೊತೊ ನಗರ ಸೇರಿಸಿಕೊಂಡಿತು. ಆರು ತಿಂಗಳ ಬಳಿಕ ಉಳಿದ ತೊಯೊಶಿನಾ, ಹೊತಾಕಾ, ಮಿಸಾತೊ, ಹೊರಿಗಾನೆಗಳು ಪಕ್ಕದ ಗುನ್‌ನ ಆಕಾಶಿನಾ ಜೊತೆ ಸೇರಿ ಹೊಸ ನಗರ ಕಟ್ಟಿಕೊಂಡವು. ಇಟ್ಟುಕೊಂಡ ಹೆಸರು ಆಜುಮಿನೊ! ಹಾಗಾಗಿ ಆಜುಮಿ ಹಳ್ಳಿ ಆಜುಮಿನೊ ನಗರದಲ್ಲಿಲ್ಲ, ಮಾತ್ಸುಮೊತೊದಲ್ಲಿದೆ. ಕಾಮಿಕೊಚಿ ಕಣಿವೆಯ ಹಳೆಯ ಚಿತ್ರಕಾರ್ಡುಗಳ ಮೇಲೆ ಆಜುಮಿ-ಮುರಾ ಎಂದಿರುತ್ತದೆ. ಅದನ್ನು ನಂಬಿ ಆಜುಮಿನೊ ನಗರಸಭೆಗೆ ಹೋದರೆ ನನ್ನ ಹಾಗೆ ಬೆಂಚೇ ಗತಿ.

ಅಳಿದ ಹೆಸರು ಪೂರ್ತಿ ಅಳಿಯುವುದಿಲ್ಲ, ಒಂದು ಮೆಟ್ಟಿಲು ಕೆಳಗಿಳಿದು ಕೂರುತ್ತದೆ. ಆದ್ದರಿಂದ ನಗರದ ಹೆಸರಿನ ಮುಂದಿನ ತುಂಡನ್ನು ಓದಿ. ಕಾಮಿಕೊಚಿಯ ಈಗಿನ ವಿಳಾಸ 'ಮಾತ್ಸುಮೊತೊ-ಶಿ, ಆಜುಮಿ, ಕಾಮಿಕೊಚಿ'. ಆಜುಮಿನೊ ನಗರಸಭೆ ಇರುವುದು 'ತೊಯೊಶಿನಾ'ದಲ್ಲಿ. ಆ ತೊಯೊಶಿನಾ ಕೂಡ ಹಿಂದಿನ ವಿಲೀನದ ಕೂಸೇ: ತೊಬಾ, ಯೊಶಿನೊ, ಶಿಂದೆನ್, ನಾರಿಯಾಯ್ ಎಂಬ ನಾಲ್ಕು ಹಳ್ಳಿಗಳ ಮೊದಲ ಅಕ್ಷರಗಳನ್ನು ಪೋಣಿಸಿ ಮಾಡಿದ ಹೆಸರು. ಯಾರ ಮನಸ್ಸಿಗೂ ನೋವಾಗದಂತೆ ಹೆಸರಿಡುವ ಕಸರತ್ತು ಹೊಸದೇನಲ್ಲ.

ಹೊರಡುವ ಮುನ್ನ ಊರಿನ ಸಂಕೇತಸಂಖ್ಯೆ ತಾಳೆ ನೋಡಿ. ಸರ್ಕಾರ ಪ್ರತಿ ಊರಿಗೂ ಐದಂಕಿ ಕೊಟ್ಟಿದೆ. ಮೊದಲ ಎರಡು ಪ್ರಿಫೆಕ್ಚರ್‌ನದು, ನಾಗಾನೊಗೆ 20. ಉಳಿದ ಮೂರು 200ರ ಸಾಲಿನಲ್ಲಿದ್ದರೆ ನಗರ, 300ರಿಂದ ಮೇಲಿದ್ದರೆ ಗುನ್‌ನ ಊರು. ಕಿಸೊ-ಮುರಾ 20425, ಕಿಸೊ-ಮಾಚಿ 20432. ಈ ಎರಡು ಸಂಖ್ಯೆಗಳನ್ನು ಮೊದಲೇ ನೋಡಿದ್ದರೆ ಆ ದಿನ ಯಾಬುಹಾರಾದಲ್ಲೇ ಇಳಿದು ಅಲ್ಲಿನ ಹೆಸರಾಂತ ಮರದ ಬಾಚಣಿಗೆ ಕೊಂಡು ಸಂಜೆಗೆ ಮನೆ ಸೇರಿರುತ್ತಿದ್ದೆ.

ಇಷ್ಟು ಕಲಿತ ಮೇಲೆ ಪೆಟ್ಟಿಗೆಯ ಅತಿ ತೊಡಕಿನ ಕಾರ್ಡು ಕೈಗೆತ್ತಿಕೊಂಡೆ: 'ನಿಶಿಚಿಕುಮಾ-ಗುನ್, ಮಿಸಾಕಾ-ಮುರಾ, ಮಾಗೊಮೆ'. ಕಾಗದದ ಮೇಲೆ ವರ್ಷವಾರು ಸಾಲು ಬರೆಯುತ್ತ ಹೋದೆ, ನೀವೂ ಹಾಗೇ ಮಾಡಿ. 1958ರಲ್ಲಿ ಮಿಸಾಕಾ ಹಳ್ಳಿ ಸೀಳಿತು. ಒಂದು ಭಾಗ ಗಿಫು ಪ್ರಿಫೆಕ್ಚರ್‌ನ ನಾಕಾತ್ಸುಗಾವಾ ನಗರಕ್ಕೆ ಹೋಯಿತು, ಮಾಗೊಮೆ ನಾಗಾನೊದಲ್ಲೇ ಉಳಿದು ಯಾಮಾಗುಚಿ-ಮುರಾಕ್ಕೆ ಸೇರಿತು. 1968ರಲ್ಲಿ ಗುನ್‌ನ ಹೆಸರು ಕಿಸೊ. 2005ರ ಫೆಬ್ರವರಿ 13ರಂದು ಯಾಮಾಗುಚಿ-ಮುರಾ ಇಡಿಯಾಗಿ ಪ್ರಿಫೆಕ್ಚರ್ ಗಡಿ ದಾಟಿ ನಾಕಾತ್ಸುಗಾವಾ ಸೇರಿತು. ಮಾಗೊಮೆ ಇದ್ದಲ್ಲೇ ಇದೆ, ಆದರೆ ನಾಗಾನೊದಲ್ಲಿಲ್ಲ. ಸಂಕೇತಸಂಖ್ಯೆಯ ಮೊದಲ ಎರಡಂಕಿಯೂ 20 ಅಲ್ಲ, ಗಿಫುವಿನ 21.

ನಾಕಾತ್ಸುಗಾವಾ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿದೆ. ಕಲ್ಲು ಹಾಸಿದ ಏರುದಾರಿ ಹತ್ತಿ, ಮಾಗೊಮೆ ಕಣಿವೆದಾರಿಯ ನೆತ್ತಿ ದಾಟಿ, ಆ ಕಡೆಯ ತ್ಸುಮಾಗೊಗೆ ಇಳಿದೆ. ಹೊಸ ಗಡಿ ಆ ನೆತ್ತಿಯ ಮೇಲೇ ಇದೆ. ಜೇಬಿನಲ್ಲಿದ್ದ ಕಾರ್ಡು ಮತ್ತೆ ನಾಗಾನೊಗೆ ಬಂತು.